ಪದ ಪ್ರಶ್ನೋತ್ತರ: ಚೆಂಡೂ ತೊಪ್, ಫಿರಂಗಿಯೂ ತೊಪ್

ಪ್ರಶ್ನೆ: ಟರ್ಕಿಯ ಧಾರಾವಾಹಿಗಳಲ್ಲಿ ‘ತೊಪ್’ ಎಂಬ ಮಾತು ಒಮ್ಮೆ ಚೆಂಡಿಗೆ, ಒಮ್ಮೆ ಫಿರಂಗಿಗೆ, ಇನ್ನೊಮ್ಮೆ ಬಟ್ಟೆಗೆ ಬರುತ್ತದೆ. ಬರೆಯುವುದು ಇಂಗ್ಲಿಷಿನ ‘ಟಾಪ್’ ಬರೆದ ಹಾಗೆಯೇ. ಎರಡಕ್ಕೂ ನಂಟಿದೆಯೇ?

ಉತ್ತರ: ಇಲ್ಲ. ಟರ್ಕಿ ಭಾಷೆ ಅರಬ್ಬಿ ಲಿಪಿ ಬಿಟ್ಟು ಲ್ಯಾಟಿನ್ ಲಿಪಿಗೆ ಬಂದದ್ದೇ 1928ರಲ್ಲಿ. ಹಾಗಾಗಿ ಕಣ್ಣಿಗೆ ಕಾಣುವ ಈ ಹೋಲಿಕೆಗೆ ಇನ್ನೂ ನೂರು ವರ್ಷವೂ ತುಂಬಿಲ್ಲ. ಇಂಗ್ಲಿಷಿನ ಪದಕ್ಕೆ ತುದಿ, ಮೇಲ್ಭಾಗ ಎಂಬ ಅರ್ಥ. ಸೊಂಟದ ಮೇಲಿನ ಉಡುಪು ‘ಟಾಪ್’ ಆದದ್ದು ಅದರಿಂದಲೇ. ಬುಗುರಿಗೂ ಅದೇ ಹೆಸರಿದೆ.

ಟರ್ಕಿಯ ತೊಪ್ ಎಂದರೆ ಉಂಡೆಯಾದದ್ದು, ಒಂದೆಡೆ ಸೇರಿದ್ದು. ಚೆಂಡು ಉಂಡೆ, ಉಂಡೆ ಹಾರಿಸುವ ಫಿರಂಗಿಗೂ ಅದೇ ಹೆಸರು ಅಂಟಿತು. ಸುತ್ತಿಟ್ಟ ಬಟ್ಟೆಯ ಥಾನು ಒಂದು ತೊಪ್, 500 ಹಾಳೆಯ ಕಾಗದದ ಕಟ್ಟೂ ಒಂದು ತೊಪ್. ‘ತೊಪ್ಲಮಕ್’ ಎಂದರೆ ಕೂಡಿಸು, ಒಟ್ಟುಮಾಡು; ‘ತೊಪ್ಲಮ್’ ಒಟ್ಟು ಮೊತ್ತ; ‘ತೊಪ್ತನ್’ ಸಗಟು. ಈ ‘ಒಟ್ಟು’ ಎಂಬ ಎಳೆ ಹಿಡಿದರೆ ಒಂದೇ ದಿನದಲ್ಲಿ ಏಳೆಂಟು ಪದ ಬಾಯಿಗೆ ಬರುತ್ತವೆ. ಒಂದೊಂದನ್ನೇ ಉರು ಹೊಡೆಯುವುದಕ್ಕಿಂತ ಇದು ಎಷ್ಟೋ ಮೇಲು.

ನುಡಿಗಟ್ಟಿನಲ್ಲಿ ಮಾತ್ರ ಎಚ್ಚರವಿರಲಿ. ‘ಚೆಂಡು ಎಸೆದ’ ಎಂಬ ಮಾತನ್ನು ಮೈದಾನದ ಹುಡುಗನ ಬಗ್ಗೆ ಹೇಳಿದರೆ ಅರ್ಥ ಅಷ್ಟೇ. ಅದೇ ಮಾತನ್ನು ಅಂಗಡಿಯವನ ಬಗ್ಗೆ ಹೇಳಿದರೆ ಅವನು ದಿವಾಳಿ ಎದ್ದ ಎಂದು.

ಉಚ್ಚಾರಣೆಯಲ್ಲಿ ನಮ್ಮವರು ಎಡವುವ ಜಾಗ ಒಂದಿದೆ. ನಾಲಗೆ ‘ಟ’ಕ್ಕೆ ಮಡಚಬಾರದು, ‘ತ’ದಂತೆ ಹಲ್ಲಿಗೆ ತಾಗಬೇಕು, ‘ಒ’ ಹ್ರಸ್ವ, ತುಟಿ ದುಂಡಗೆ. ಇಂಗ್ಲಿಷಿನ ರೂಢಿಯಲ್ಲಿ ‘ಟಾಪ್’ ಎಂದರೆ ಕೇಳುವವರ ಕಿವಿಗೆ ಅದು ‘ತಪ್’, ಅಂದರೆ ‘ಪೂಜಿಸು’. ಪ್ರತ್ಯಯ ಹತ್ತಿದಾಗ ಕಿತಾಪ್ (ಪುಸ್ತಕ) ಎಂಬುದರ ಪಕಾರ ಬಕಾರವಾಗುತ್ತದೆ. ತೊಪ್ ಹಾಗಲ್ಲ, ‘ಚೆಂಡನ್ನು’ ಎನ್ನಲು ‘ತೊಪು’, ‘ತೊಬು’ ಅಲ್ಲ.

ಪ್ರಶ್ನೆ: ಇಸ್ತಾಂಬುಲ್‌ನ ತೊಪ್ಕಪಿ ಅರಮನೆಗೆ ತೊಪ್ಕಪಿ ಎಂಬ ಟ್ರಾಮ್ ನಿಲ್ದಾಣದಲ್ಲೇ ಇಳಿಯಬೇಕೇ?

ಉತ್ತರ: ಬೇಡ. ಆ ಹೆಸರಿಗೆ ‘ಫಿರಂಗಿ ಬಾಗಿಲು’ ಎಂದರ್ಥ, ಮತ್ತು ಊರಿನಲ್ಲಿ ಅಂಥ ಬಾಗಿಲು ಎರಡಿದ್ದವು. ನಿಲ್ದಾಣಕ್ಕೆ ಹೆಸರು ಬಂದದ್ದು ಪಶ್ಚಿಮದ ಕೋಟೆಗೋಡೆಯ ಬಾಗಿಲಿನಿಂದ. 1453ರ ಮುತ್ತಿಗೆಯಲ್ಲಿ ಒಟ್ಟೊಮನ್ ತುರ್ಕರ ಫಿರಂಗಿಗಳು ಬಡಿದದ್ದು ಆ ಭಾಗವನ್ನು. ಅರಮನೆಗೆ ಹೆಸರು ಕೊಟ್ಟದ್ದು ಕಡಲಂಚಿನಲ್ಲಿದ್ದ ಇನ್ನೊಂದು ಬಾಗಿಲು. ಟಿ1 ಟ್ರಾಮಿನಲ್ಲೇ ಹೋಗಿ, ಆದರೆ ಸುಲ್ತಾನಹ್ಮೆತ್ ಅಥವಾ ಗುಲ್ಹಾನೆಯಲ್ಲಿ ಇಳಿಯಿರಿ. ಮಂಗಳವಾರ ಅರಮನೆಗೆ ರಜೆ.

ಪ್ರಶ್ನೆ: ನಮ್ಮ ‘ತೋಪು’ ಇದೇ ಪದವೇ?

ಉತ್ತರ: ಅರ್ಧ ಹೌದು. ಮಾವಿನ ತೋಪಿನ ‘ತೋಪು’ ದ್ರಾವಿಡ ಪದ, ತಮಿಳಿನಲ್ಲೂ ಇದೆ. ‘ತೋಪು ಹಾರಿಸು’ ಎಂಬಲ್ಲಿನದು ಟರ್ಕಿಯಿಂದ ಪಾರಸಿ, ಹಿಂದುಸ್ತಾನಿಗಳ ದಾರಿಯಾಗಿ ಬಂದದ್ದು. ‘ತೋಪಖಾನೆ’ಯೂ ಅದರ ಜೊತೆಯದೇ. ಪದದ ಹಿಂದೆ ಜನರೂ ಬಂದರು. ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನಿಗೆ ‘ರೂಮಿ’ ಎಂಬ ಹೆಸರಿತ್ತು. ಒಟ್ಟೊಮನ್ ನಾಡಿನವರನ್ನು ಆಗ ದಖನ್ನಿನಲ್ಲಿ ಹಾಗೆ ಕರೆಯುತ್ತಿದ್ದರು. ಸುಮಾರು 55 ಟನ್ ತೂಗುವ ಆ ತೋಪು ಇಂದಿಗೂ ಶೇರ್ಜಾ ಬುರುಜಿನ ಮೇಲಿದೆ. ಮೈಸೂರು ದಸರೆಯಲ್ಲಿ 21 ಸುತ್ತು ಸಿಡಿಯುವ ಕುಶಾಲತೋಪಿನಲ್ಲಿರುವುದೂ ಈ ಎರಡನೆಯ ತೋಪೇ.