ಜೈಲಿನ ಬದಲು ಚಿಕಿತ್ಸೆ ಕೇಳಬಹುದಾ?

ಪ್ರಶ್ನೆ: ನನ್ನ ಗಂಡ ಗೂಡ್ಸ್ ಆಟೊ ಓಡಿಸುತ್ತಾರೆ. ಕುಡಿದು ಗಾಡಿ ಓಡಿಸಿ ಎರಡನೇ ಸಲ ಸಿಕ್ಕಿಬಿದ್ದಿದ್ದಾರೆ. ಯಾರಿಗೂ ಏಟಾಗಿಲ್ಲ. ಹೋದ ಸಲದ ದಂಡವನ್ನು ನಾನೇ ಸಂಘದಲ್ಲಿ ಸಾಲ ಮಾಡಿ ಕಟ್ಟಿದೆ. ಬೆಳಗ್ಗೆ ಟೀ ಲೋಟ ಹಿಡಿದರೆ ಅವರ ಕೈ ನಡುಗುತ್ತದೆ. ಜೈಲಿನ ಬದಲು ಕುಡಿತ ಬಿಡಿಸುವ ಕೇಂದ್ರಕ್ಕೆ ಕಳಿಸಿ ಎಂದು ಕೋರ್ಟಿನಲ್ಲಿ ಕೇಳಬಹುದಾ?
– ಓದುಗರೊಬ್ಬರು, ದಾವಣಗೆರೆ ಜಿಲ್ಲೆ

ವಕೀಲರ ಉತ್ತರ: ಕೇಳಬಹುದಮ್ಮ. ಆದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಂನಲ್ಲಿ ಚಿಕಿತ್ಸೆಯ ಮಾತೇ ಇಲ್ಲ. ಎರಡನೇ ಸಲವಾದರೆ 2 ವರ್ಷದವರೆಗೆ ಜೈಲು, ಇಲ್ಲವೇ 15,000 ರೂಪಾಯಿ ದಂಡ, ಅಥವಾ ಎರಡೂ. ಗಾಂಜಾದಂಥ ಮಾದಕ ವಸ್ತು ಸೇವಿಸಿ ಸಿಕ್ಕಿದ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ, ಸೇವನೆಯ ಕೇಸಿನಿಂದ ರಕ್ಷಣೆ ಕೊಡುವ ಕಲಂ ಎನ್‌ಡಿಪಿಎಸ್ ಎಂಬ ಮಾದಕ ವಸ್ತು ತಡೆ ಕಾಯ್ದೆಯಲ್ಲಿದೆ. ಹೆಂಡಕ್ಕೆ ಅಂಥದ್ದಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ. ದಂಡ ಕಟ್ಟುವವರು ನೀವು, ಕಾಯಿಲೆ ಮಾತ್ರ ಅವರಲ್ಲೇ ಉಳಿಯುತ್ತದೆ, ಅಲ್ವಾ?

ನಿಮಗಿರುವ ದಾರಿ 1958ರ ಪ್ರೊಬೇಷನ್ ಕಾಯ್ದೆ. ತಪ್ಪು ಸಾಬೀತಾದ ಮೇಲೂ ನ್ಯಾಯಾಧೀಶರು ಜೈಲಿಗೆ ಕಳಿಸದೆ, 3 ವರ್ಷದವರೆಗಿನ ಸನ್ನಡತೆಯ ಬಾಂಡ್ ಬರೆಸಿಕೊಂಡು ಬಿಡಬಹುದು. ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ನಿಗಾದಲ್ಲಿಟ್ಟು, ಮದ್ಯ ಮುಟ್ಟಬಾರದು ಎಂಬ ಷರತ್ತನ್ನೂ ಹಾಕಬಹುದು. ನಿಮ್ಮ ವಕೀಲರು ಇದನ್ನೇ ಕೇಳಲಿ. ಕೊಡಲೇಬೇಕೆಂದೇನಿಲ್ಲ, ಎರಡನೇ ಸಲ ಅನ್ನುವುದು ಅಡ್ಡ ಬರುತ್ತದೆ. ಅಪಘಾತದಲ್ಲಿ ಜೀವ ಹೋಗಿದ್ದರಂತೂ ಚಾಲಕರಿಗೆ ಈ ರಿಯಾಯಿತಿ ಸುಲಭವಾಗಿ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ. ಡಿಎಲ್ ಅಮಾನತು ಬೇರೆ ವಿಷಯ, ಅದಕ್ಕೂ ತಯಾರಿರಿ.

ಸುಮ್ನೆ "ಬಿಡ್ತಾರೆ ಸ್ವಾಮಿ" ಅಂದರೆ ನ್ಯಾಯಾಧೀಶರು ನಂಬುವುದು ಕಷ್ಟ. ನನ್ನ ಕಕ್ಷಿದಾರರೊಬ್ಬರ ಹೆಂಡತಿ ಆಸ್ಪತ್ರೆಯ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಪಿನ್ ಹೊಡೆದು, ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದರು. ನನ್ನ ವಾದಕ್ಕಿಂತ ಆ ಕವರಿಗೇ ತೂಕ ಜಾಸ್ತಿ ಇತ್ತು. ಆದ್ದರಿಂದ ಕೋರ್ಟ್ ಹೇಳಲಿ ಎಂದು ಕಾಯಬೇಡಿ, ಮುಂದಿನ ತಾರೀಖಿಗೆ ಮೊದಲೇ ಚಿಕಿತ್ಸೆ ಶುರು ಮಾಡಿಸಿ.

ಇನ್ನೊಂದು ಮಾತು, ದಯವಿಟ್ಟು ಗಮನಿಸಿ. ಆ ಕೈ ನಡುಕ ಸಣ್ಣದಲ್ಲ. ಅಂಥವರು ದಿಢೀರನೆ ಕುಡಿತ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಬಡಬಡಿಸಬಹುದು, ಜೀವಕ್ಕೇ ಕುತ್ತಾಗಬಹುದು. ಮನೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲ. ಮೊದಲ ದಿನದ ಚೀಟಿಯಿಂದಲೇ ಎಲ್ಲವನ್ನೂ ಎತ್ತಿಡಿ.