ನ್ಯೂಟ್ರಾನ್ ಸುಮ್ಮನೆ ಕೂತಿಲ್ಲ

ಪ್ರಿಯರೇ,

ಒಂದೇ ಧಾತುವಿನ, ಆದರೆ ಬೇರೆ ಬೇರೆ ಸಂಖ್ಯೆಯ ನ್ಯೂಟ್ರಾನ್ ಇರುವ ಪರಮಾಣುಗಳ ಬಗ್ಗೆ ನೀವು ಕಳಿಸಿದ ‘ಐಸೊಟೋಪ್ ಎಂದರೇನು?’ ಲೇಖನ ಓದಿದೆ. ಭಾಷೆ ತಿಳಿಯಾಗಿದೆ. 1932ರಲ್ಲಿ ಜೇಮ್ಸ್ ಚಾಡ್ವಿಕ್ ಕೇಂಬ್ರಿಜ್‌ನಲ್ಲಿ ನ್ಯೂಟ್ರಾನ್ ಪತ್ತೆ ಮಾಡಿದ ಭಾಗ ಓದಿಸಿಕೊಂಡು ಹೋಗುತ್ತದೆ. ಆದರೆ ಲೇಖನವನ್ನು ಹೀಗೇ ಅಚ್ಚು ಮಾಡಲಾರೆ. ಎರಡನೇ ಪುಟದ ಕೆಲವು ಸಾಲುಗಳು ನನಗೆ ನಿಜಕ್ಕೂ ಸಿಟ್ಟು ತರಿಸಿದವು. ಉಳಿದದ್ದನ್ನು ಬಿಟ್ಟು ಅವುಗಳ ಬಗ್ಗೆಯೇ ಬರೆಯುತ್ತೇನೆ.

ನಿಮ್ಮ ಸಾಲು: ‘ನ್ಯೂಟ್ರಾನ್‌ಗೆ ವಿದ್ಯುದಾವೇಶ ಇಲ್ಲ. ಆದ್ದರಿಂದ ತೂಕ ಕೊಡುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಅದು ಮದುವೆ ಮನೆಯಲ್ಲಿ ಸುಮ್ಮನೆ ಕೂತ ನೆಂಟನ ಹಾಗೆ.’

ಆವೇಶ ಇಲ್ಲದ ಮಾತ್ರಕ್ಕೆ ಕೆಲಸ ಇಲ್ಲ ಅಂತ ಹೇಗೆ ಆಗುತ್ತದೆ? ಹೀಲಿಯಂ ತೆಗೆದುಕೊಳ್ಳಿ. ಅದರ ಪರಮಾಣುವಿನ ನಡುವೆ ಇರುವ ನ್ಯೂಕ್ಲಿಯಸ್‌ನಲ್ಲಿ ಎರಡು ಪ್ರೋಟಾನ್. ಎರಡಕ್ಕೂ ಧನ ಆವೇಶ, ಹಾಗಾಗಿ ಒಂದನ್ನೊಂದು ತಳ್ಳುತ್ತವೆ. ಬರೀ ಎರಡು ಪ್ರೋಟಾನ್ ಸೇರಿ ಒಂದು ನ್ಯೂಕ್ಲಿಯಸ್ ಆಗಿ ನಿಲ್ಲುವುದೇ ಇಲ್ಲ. ಒಂದು ನ್ಯೂಟ್ರಾನ್ ಸೇರಿಸಿ, ಹೀಲಿಯಂ-3 ನಿಲ್ಲುತ್ತದೆ (ಆ 3 ಅಂದರೆ ಪ್ರೋಟಾನ್, ನ್ಯೂಟ್ರಾನ್ ಸೇರಿ ಒಟ್ಟು ಲೆಕ್ಕ). ಎರಡು ಸೇರಿಸಿ, ಹೀಲಿಯಂ-4 ಬಹಳ ಗಟ್ಟಿಯಾಗಿ ನಿಲ್ಲುತ್ತದೆ. ಕೆಲಸವಿಲ್ಲ ಅಂದಿರಲ್ಲ, ಇದು ಯಾರ ಕೆಲಸ?

ನ್ಯೂಕ್ಲಿಯಸ್ ಒಳಗೆ ಇನ್ನೊಂದು ಬಲ ಇದೆ. ಅದು ಪ್ರೋಟಾನನ್ನೂ ಎಳೆಯುತ್ತದೆ, ನ್ಯೂಟ್ರಾನನ್ನೂ ಎಳೆಯುತ್ತದೆ. ಆದರೆ ಅಕ್ಕಪಕ್ಕದ ಕಣಗಳನ್ನು ಮಾತ್ರ. ಪ್ರೋಟಾನ್‌ಗಳ ತಳ್ಳಾಟ ಹಾಗಲ್ಲ, ಈ ತುದಿಯಿಂದ ಆ ತುದಿಯವರೆಗೂ ಇರುತ್ತದೆ. ನ್ಯೂಟ್ರಾನ್ ಬಂದರೆ ಎಳೆತ ಜಾಸ್ತಿಯಾಗುತ್ತದೆ, ತಳ್ಳಾಟ ಜಾಸ್ತಿಯಾಗುವುದಿಲ್ಲ. ಆವೇಶ ಇಲ್ಲದಿರುವುದರಿಂದಲೇ ಅದು ಈ ಕೆಲಸ ಮಾಡಬಲ್ಲದು. ನಿಮ್ಮ ‘ಆದ್ದರಿಂದ’ ತೀರಾ ಉಲ್ಟಾ ದಿಕ್ಕಿಗೆ ಹೋಗಿದೆ. ನ್ಯೂಕ್ಲಿಯಸ್ ದೊಡ್ಡದಾದಷ್ಟೂ ಈ ಅಗತ್ಯ ಹೆಚ್ಚುತ್ತದೆ. ಕ್ಯಾಲ್ಸಿಯಂ-40ರಲ್ಲಿ 20 ಪ್ರೋಟಾನ್, 20 ನ್ಯೂಟ್ರಾನ್. ಸೀಸ-208ಕ್ಕೆ ಬಂದರೆ 82 ಪ್ರೋಟಾನ್‌ಗಳಿಗೆ 126 ನ್ಯೂಟ್ರಾನ್ ಬೇಕಾಗಿವೆ. ಈ ಲೆಕ್ಕವನ್ನು ನಿಮ್ಮ ಕೋಷ್ಟಕದಲ್ಲಿ ನೀವೇ ಕೊಟ್ಟಿದ್ದೀರಿ. ಆದರೂ ಹೀಗೇಕೆ ಅಂತ ಒಂದು ಮಾತಿಲ್ಲ.

ಮುಂದಿನ ಸಾಲು: ‘ನ್ಯೂಟ್ರಾನ್ ಹೆಚ್ಚಿದಷ್ಟೂ ಪರಮಾಣು ಅಸ್ಥಿರ.’ ಸೀಸದ ಲೆಕ್ಕ ನೋಡಿದ ಓದುಗರು ಇದನ್ನು ಹೇಗೆ ಒಪ್ಪುತ್ತಾರೆ? ಪ್ರತಿ ಧಾತುವಿಗೂ ಒಂದು ಹದ ಇದೆ. ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ. ಇಂಗಾಲಕ್ಕೆ 6 ಅಥವಾ 7 ನ್ಯೂಟ್ರಾನ್ ಇದ್ದರೆ ಅದು ಸ್ಥಿರ. 8 ಇದ್ದರೆ ಅದು ಇಂಗಾಲ-14. ಅದರಲ್ಲಿ ಒಂದು ನ್ಯೂಟ್ರಾನ್ ಎಂದಾದರೊಂದು ದಿನ ಪ್ರೋಟಾನ್ ಆಗಿ ಬದಲಾಗುತ್ತದೆ, ಒಂದು ಎಲೆಕ್ಟ್ರಾನ್ ಹೊರಗೆ ಹಾರುತ್ತದೆ, ಇಂಗಾಲ ಹೋಗಿ ಸಾರಜನಕ ಆಗುತ್ತದೆ. ಹೀಗೆ ಅರ್ಧದಷ್ಟು ಕರಗಲು ಸುಮಾರು 5,730 ವರ್ಷ ಬೇಕು. ಹಳೆಯ ಇದ್ದಿಲಿನ ವಯಸ್ಸು ಹೇಳುವುದು ಇದರಿಂದಲೇ ಎಂದು ಬರೆದಿದ್ದೀರಿ, ಸರಿ. ಆ ಬದಲಾವಣೆ ನ್ಯೂಟ್ರಾನಿನದು ಅನ್ನುವುದನ್ನೇ ಬಿಟ್ಟಿದ್ದೀರಿ.

ಇನ್ನು ನನ್ನನ್ನು ಅತಿ ಹೆಚ್ಚು ಕಾಡಿದ ಸಾಲು: ‘ಐಸೊಟೋಪ್‌ಗಳು ವಿಕಿರಣ ಸೂಸುವ ಅಪಾಯಕಾರಿ ಪರಮಾಣುಗಳು. ಸಾಮಾನ್ಯ ಪರಮಾಣುಗಳು ಹಾಗಲ್ಲ.’

ನಾನು ಪ್ರೂಫ್ ನೋಡುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಲ್ಲೊಬ್ಬ ಹಿರಿಯ ಉಪಸಂಪಾದಕರಿದ್ದರು. ವಿಜ್ಞಾನದ ಪುಟವನ್ನು ಪೆನ್ಸಿಲ್ ಹಿಡಿದೇ ಓದುತ್ತಿದ್ದರು. ಒಂದು ಲೇಖನದಲ್ಲಿ ಕ್ಲೋರಿನ್ ಪರಮಾಣುವಿನ ತೂಕ 35.5 ಎಂದಿತ್ತು. ಅವರು ನನ್ನನ್ನು ಕರೆದು, ‘ಪ್ರೋಟಾನು, ನ್ಯೂಟ್ರಾನು ಎಲ್ಲ ಇಡಿಯಾಗೇ ಇರೋದಲ್ವಾ? ಈ ಅರ್ಧ ಎಲ್ಲಿಂದ ಬಂತು?’ ಅಂತ ಕೇಳಿದರು. ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಪ್ರೂಫಿನ ಅಂಚಿನಲ್ಲೇ ಲೆಕ್ಕ ಮಾಡಿಸಿದರು. ನಾಲ್ಕು ಕ್ಲೋರಿನ್ ಪರಮಾಣುಗಳಲ್ಲಿ ಸುಮಾರು ಮೂರು 18 ನ್ಯೂಟ್ರಾನ್ ಇರುವ ಕ್ಲೋರಿನ್-35, ಒಂದು 20 ನ್ಯೂಟ್ರಾನ್ ಇರುವ ಕ್ಲೋರಿನ್-37. ಮೂರು 35 ಅಂದರೆ 105. ಅದಕ್ಕೆ 37 ಸೇರಿಸಿದರೆ 142. ನಾಲ್ಕರಿಂದ ಭಾಗಿಸಿದರೆ 35.5. ‘ಊಟದ ಉಪ್ಪಿನಲ್ಲಿ ಎರಡೂ ಇವೆ, ಎರಡೂ ಸ್ಥಿರ’ ಅಂದರು. ಅಂದಿನಿಂದ ಯಾವ ಅಂಕಿ ಕಂಡರೂ ಅದು ಎಲ್ಲಿಂದ ಬಂತು ಅಂತ ಕೇಳುವ ಅಭ್ಯಾಸ ನನಗೆ ಅಂಟಿಕೊಂಡಿತು. ಈ ಕೆಲಸದಲ್ಲಿ ನನಗೆ ಸಿಕ್ಕ ನಿಜವಾದ ಪಾಠ ಅದು.

ನಿಮ್ಮ ಸಾಲಿನ ಪ್ರಕಾರ ಆ ಉಪ್ಪು ಅಪಾಯಕಾರಿ ಆಗಬೇಕು! ಇಂಗಾಲ-14 ಹೇಗೆ ಐಸೊಟೋಪೋ ಇಂಗಾಲ-12 ಕೂಡ ಹಾಗೇ ಐಸೊಟೋಪ್. ‘ಸಾಮಾನ್ಯ ಪರಮಾಣು’ ಅಂತ ಬೇರೆ ಜಾತಿ ಇಲ್ಲ. ತವರಕ್ಕಂತೂ 10 ಸ್ಥಿರ ಐಸೊಟೋಪ್‌ಗಳಿವೆ.

ಇದೇ ತಪ್ಪಿನಿಂದ ಕೈಗಾ ಅಣುವಿದ್ಯುತ್ ಸ್ಥಾವರದ ಬಗ್ಗೆ ನೀವು ಬರೆದ ಪ್ಯಾರಾ ಕೂಡ ಕೆಟ್ಟಿದೆ. ಭಾರಜಲವನ್ನು ‘ವಿಕಿರಣದ ನೀರು’ ಎಂದಿದ್ದೀರಿ. ಭಾರಜಲದಲ್ಲಿರುವುದು ಡ್ಯೂಟೀರಿಯಂ, ಅಂದರೆ ಒಂದು ನ್ಯೂಟ್ರಾನ್ ಇರುವ ಹೈಡ್ರೋಜನ್. ಅದು ಸ್ಥಿರ. ನಿಮ್ಮ ಮನೆಯ ಬಾವಿ ನೀರಿನಲ್ಲೂ ಸುಮಾರು 6,400 ಹೈಡ್ರೋಜನ್ ಪರಮಾಣುಗಳಿಗೆ ಒಂದರಂತೆ ಇದೆ. ರಿಯಾಕ್ಟರ್‌ನಲ್ಲಿ ಅದರ ಕೆಲಸ ನ್ಯೂಟ್ರಾನ್‌ಗಳ ವೇಗ ತಗ್ಗಿಸುವುದು. ಮಾಮೂಲಿ ನೀರೂ ತಗ್ಗಿಸುತ್ತದೆ, ಆದರೆ ಬಹಳಷ್ಟು ನ್ಯೂಟ್ರಾನ್‌ಗಳನ್ನು ನುಂಗಿಬಿಡುತ್ತದೆ. ಡ್ಯೂಟೀರಿಯಂ ನುಂಗುವುದು ತೀರಾ ಕಡಿಮೆ. ಹಾಗಾಗಿಯೇ, ನ್ಯೂಟ್ರಾನ್ ತಗುಲಿ ಒಡೆದು ಶಕ್ತಿ ಕೊಡುವ ಯುರೇನಿಯಂ-235 ಕೇವಲ 0.7 ಶೇಕಡಾ ಇರುವ ನೈಸರ್ಗಿಕ ಯುರೇನಿಯಂನಿಂದಲೇ ಕೈಗಾ ನಡೆಯುತ್ತದೆ. ರಿಯಾಕ್ಟರ್ ಒಳಗೆ ಇದ್ದೂ ಇದ್ದೂ ಕೆಲವು ಡ್ಯೂಟೀರಿಯಂ ಇನ್ನೊಂದು ನ್ಯೂಟ್ರಾನ್ ಹಿಡಿದು ಟ್ರಿಟಿಯಂ ಆಗುತ್ತದೆ. ಅದು ವಿಕಿರಣ ಸೂಸುತ್ತದೆ. ಒಂದು ನ್ಯೂಟ್ರಾನಿನಿಂದ ಇಷ್ಟು ವ್ಯತ್ಯಾಸ. ಇದನ್ನಲ್ಲವೇ ನೀವು ಬರೆಯಬೇಕಾದದ್ದು?

ಚಾಡ್ವಿಕ್ ಭಾಗ ಹಾಗೇ ಇರಲಿ. ನೆಂಟನ ಹೋಲಿಕೆ ಪೂರ್ತಿ ತೆಗೆಯಿರಿ. ಎರಡನೇ ಪುಟವನ್ನು ಹೀಲಿಯಂನಿಂದ ಶುರು ಮಾಡಿ ಹೊಸದಾಗಿ ಬರೆಯಿರಿ. ಕೈಗಾ ಪ್ಯಾರಾ ಕೊನೆಯಲ್ಲಿ ಬರಲಿ, ಅಲ್ಲಿ ಜಾಗ ಜಾಸ್ತಿ ಬೇಕಾದರೆ ಕೊಡುತ್ತೇನೆ. ತಿದ್ದಿದ ಪ್ರತಿ ನನ್ನ ಹೆಸರಿಗೇ ಕಳಿಸಿ.

— ಸಂಪಾದಕ