ನೂರು ಕಿ.ಮೀ. ನಡಿಗೆ: ಬೊಬ್ಬೆಗೇನು ಮಾಡೋಣ?

ಪ್ರಶ್ನೆ: ಸಹಾಯಾರ್ಥ ನಿಧಿಗಾಗಿ ನಾಲ್ವರು ಸೇರಿ ಹಾಂಗ್‌ಕಾಂಗ್‌ನ ಮ್ಯಾಕ್ಲಿಹೋಸ್ ಹಾದಿಯ 100 ಕಿ.ಮೀ.ಯನ್ನು 48 ಗಂಟೆಯಲ್ಲಿ ಮುಗಿಸಬೇಕೆಂದಿದ್ದೇವೆ. ಅಭ್ಯಾಸದಲ್ಲಿ 15 ಕಿ.ಮೀ.ಗೇ ಪಾದದಲ್ಲಿ ಬೊಬ್ಬೆ ಏಳುತ್ತದೆ. ದೇಣಿಗೆಯನ್ನು ನನ್ನ ಖಾತೆಗೇ ಹಾಕಿಸಿಕೊಳ್ಳಬಹುದೇ?
– ಓದುಗರು, ಮೈಸೂರು

ಉತ್ತರ: ಬಹುಶಃ ಹತ್ತಿಯ ಕಾಲುಚೀಲ ಹಾಕುತ್ತಿದ್ದೀರಿ. ಅದು ಬೆವರು ಹೀರಿ ಒದ್ದೆಯಾಗೇ ಉಳಿಯುತ್ತದೆ. ಒದ್ದೆ ಚರ್ಮ ಉಜ್ಜಿದರೆ ಬೊಬ್ಬೆ ಖಚಿತ. ಉಣ್ಣೆ ಅಥವಾ ಸಿಂಥೆಟಿಕ್ ಚೀಲ ಹಾಕಿ, ಇನ್ನೆರಡು ಜೊತೆ ಬ್ಯಾಗಿನಲ್ಲಿರಲಿ. ನಡೆದಂತೆ ಪಾದ ಊದುತ್ತದೆ, ಹಾಗಾಗಿ ಶೂ ಅರ್ಧ ಸೈಜು ದೊಡ್ಡದಿರಲಿ. ಸಂಜೆ ಹೊತ್ತು ಹೋಗಿ ಕೊಳ್ಳಿ. ಒಂದು ಕಡೆ ಚುರುಗುಟ್ಟಿತೋ, ಅಲ್ಲೇ ಕೂತು ಟೇಪ್ ಅಂಟಿಸಿ. ‘ಮುಂದಿನ ನಿಲ್ದಾಣದಲ್ಲಿ ನೋಡೋಣ’ ಅಂದವರೇ ಕುಂಟುವುದು. ಇಳಿಜಾರಿಗೆ ಮುಂಚೆ ಹಿಮ್ಮಡಿ ಜಾರದಂತೆ ಲೇಸನ್ನು ಮೇಲಿನ ತೂತುಗಳಲ್ಲಿ ಬಿಗಿಯಿರಿ, ಇಲ್ಲವಾದರೆ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ.

ಗಂಟೆಗೆ 2 ಕಿ.ಮೀ. ತಾನೇ ಎನ್ನಬೇಡಿ. ಪೂರ್ವದಿಂದ ಹೊರಟರೆ 957 ಮೀಟರ್ ಎತ್ತರದ ತಾಯ್ ಮೊ ಶಾನ್ ಬೆಟ್ಟ ಬರುವುದು ಸುಮಾರು 70 ಕಿ.ಮೀ. ದಾಟಿದ ಮೇಲೆ.

ನಿಮ್ಮ ಖಾತೆಗೆ ಬೇಡವೇ ಬೇಡ. ದೇಣಿಗೆ ಪಡೆಯುವ ಸಂಸ್ಥೆಯ ಕೊಂಡಿಯನ್ನೇ ಕಳಿಸಿ. ದೇಣಿಗೆ ಕೊಟ್ಟವರ ಹೆಸರಿಗೇ ರಸೀದಿ ಬರಬೇಕು. ಭಾರತದಲ್ಲಿ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ತೆರಿಗೆ ವಿನಾಯಿತಿಯೂ ಸಿಗದು.